ಚೈನಿಗೆ ನಾಲ್ಕು ಹನಿ

ಕಾಶಿಯ ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುವ ಕನ್ನಡದ ಯಾತ್ರಿಕರಿಗೆ ಗೋದೌಲಿಯಾ ಚೌಕ ಹತ್ತಿರ. ಅಲ್ಲಿ ಸೈಕಲ್ ರಿಕ್ಷಾ ಏರಿದರೆ ಬೆಲ್ಲಿಗಿಂತ ಮೊದಲು ಕೇಳುವುದು ಚೈನಿನ ಕಿರ್ರೋ ರಾಗ. ಸದ್ದು ಜೋರಾದರೆ ರಿಕ್ಷಾದವ ಕೆಳಗಿಳಿದು, ಸೀಟಿನಡಿಯ ಬಾಟಲಿ ತೆಗೆದು, ಚೈನಿಗೆ ನಾಲ್ಕು ಹನಿ ಸುರಿದು ಮತ್ತೆ ಏರುತ್ತಾನೆ. ಒಳಗಿರುವುದು ಗ್ಯಾರೇಜಿನವರು ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆ. ಕಂಪನಿ ಯಾವುದಾದರೂ ಅಲ್ಲಿ ಅದರ ಹೆಸರು ‘ಮೋಬಿಲ್’. ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ.

ಬೆಂಗಳೂರಿನ ಸೈಕಲ್ ಶೋಕಿಯವರಿಗೆ ಇದೇ ಕೆಲಸ ಹೋಮದಷ್ಟು ವಿಧಿವತ್ತು. ಚೈನು ಬಿಚ್ಚಬೇಕು, ಜಿಡ್ಡು ಹೋಗುವಂತೆ ತೊಳೆದು ಒಣಗಿಸಬೇಕು, ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಮುಳುಗಿಸಿ ನೇತುಹಾಕಬೇಕು. ಇಷ್ಟೂ ಮುಗಿಯಬೇಕಾದ್ದು ಅಡುಗೆಮನೆಯ ಪಾತ್ರೆ ಕಾಣೆಯಾದದ್ದು ಮನೆಯಾಕೆಗೆ ಗೊತ್ತಾಗುವುದರೊಳಗೆ!

ಆದರೂ ಮೇಣದವರ ವಾದದಲ್ಲಿ ಹುರುಳಿದೆ: ಒಣಗಿದ ಮೇಣಕ್ಕೆ ಧೂಳು ಅಷ್ಟಾಗಿ ಅಂಟುವುದಿಲ್ಲ. ಹಾನ್ಸ್ ರೆನಾಲ್ಡ್ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪಿಸಿದ ರೋಲರ್ ಚೈನಿನಲ್ಲಿ ತಿಕ್ಕಾಟ ಮುಖ್ಯವಾಗಿ ಪಿನ್ನಿನ ಸುತ್ತ, ಒಳಗೇ ನಡೆಯುತ್ತದೆ. ಎಣ್ಣೆ ಬೇಕಾದದ್ದು ಅಲ್ಲಿಗೆ. ಹೊರಮೈಗೆ ಬಳಿದದ್ದು ಧೂಳನ್ನು ಕರೆದು ಕೂರಿಸಿಕೊಂಡು ಎಮರಿ ಪೇಪರಿನಂತೆ ಉಜ್ಜುತ್ತದೆ. ಗೋದೌಲಿಯಾದಲ್ಲಿ ಧೂಳಿಗೆ ಬರವೇ? ಹೀಗೆ ಸವೆದ ಚೈನು ಉದ್ದವಾಗುತ್ತದೆ. ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು. ಇಂಚಿನ ಹದಿನಾರರಲ್ಲಿ ಒಂದು ಪಾಲು ಹೆಚ್ಚಿದರೆ ಅದನ್ನು ಬದಲಿಸಬೇಕು.

ಮೇಣವೂ ಬೇಡ, ಸುರಿಯುವುದೂ ಬೇಡ ಎನ್ನುವವರಿಗೆ ನಡುದಾರಿಯಿದೆ: ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಹೊರಗೆ ಉಳಿದದ್ದನ್ನು ಹಳೇ ಬಟ್ಟೆಯಲ್ಲಿ ಒರೆಸುವುದು.

ಗೋದೌಲಿಯಾದ ರಿಕ್ಷಾದವನೂ ಒರೆಸುತ್ತಾನೆ. ಆದರೆ ಅವನ ಗಮ್ಛಾ ಎಂಬ ಹೆಗಲುವಸ್ತ್ರ ಒರೆಸುವುದು ಕೈಯನ್ನು, ಬೆವರನ್ನು, ಆಮೇಲೆ ಪ್ರಯಾಣಿಕ ಕೂರುವ ಸೀಟನ್ನು, ಚೈನನ್ನಲ್ಲ.