ಓಮ್ ಸೂತ್ರಕ್ಕೆ ಬೂವನಹಳ್ಳಿ ಭಾಷ್ಯ

ಟಿಸಿಗೆ ನಮಸ್ಕಾರ, ಫ್ಯೂಸಿಗೆ ನಮಸ್ಕಾರ, ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗೆ ಎರಡು ಸಲ ನಮಸ್ಕಾರ.

ಸೂತ್ರಕಾರರು ಜರ್ಮನಿಯ ಜಾರ್ಜ್ ಓಮ್ ಮೇಷ್ಟ್ರು. ಗ್ರಂಥ ಹೊರಬಿದ್ದದ್ದು 1827ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ತಲುಪಿದ್ದು 1902ರಲ್ಲಿ. ಹಾಸನದ ಪಕ್ಕದ ಬೂವನಹಳ್ಳಿಯನ್ನು ಪತ್ರಿಕೆಗಳು ವಿಮಾನ ನಿಲ್ದಾಣದ ಊರೆಂದು ಬಲ್ಲವು. ನಮ್ಮ ಶಾಸ್ತ್ರ ಅಷ್ಟು ಎತ್ತರ ಹಾರುವುದಿಲ್ಲ. ಕಂಬದ ತುದಿಯೇ ಅದರ ಮೇರೆ.

ಸೂತ್ರ ಇಷ್ಟೇ: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್.

ಪೂರ್ವಪಕ್ಷ ಹೂಡುವವನು ಹೈಸ್ಕೂಲು ಹುಡುಗ. 60 ವ್ಯಾಟಿನ ಹಳೇ ಬುರುಡೆ ಬಲ್ಬಿಗೆ ಮೀಟರ್ ಹಿಡಿದ; 65 ಓಮ್ ತೋರಿಸಿತು. 230 ವೋಲ್ಟಿಗೆ ಮೂರೂವರೆ ಆಂಪಿಯರ್, ಅಂದರೆ 800 ವ್ಯಾಟಿಗೂ ಮೇಲೆ! ಬಲ್ಬಿನ ಮೇಲೆ ಬರೆದದ್ದು ಸುಳ್ಳೆಂದು ಸಾರಿಬಿಟ್ಟ. ಸಿದ್ಧಾಂತಿಯ ಉತ್ತರ: ಉರಿಯುವಾಗ ಅಳೆಯಪ್ಪಾ. ಆಗ ಹರಿಯುವುದು 0.26 ಆಂಪಿಯರ್, ತಡೆ 880 ಓಮ್ ಆಸುಪಾಸು. ಟಂಗ್‌ಸ್ಟನ್ ತಂತಿ ಕಾದಷ್ಟೂ ಬಿಗಿಯುತ್ತದೆ.

ಇನ್ನು ಸ್ನಾನಪ್ರಕರಣ. ನೀರು ಕಾಯಿಸುವ 1000 ವ್ಯಾಟಿನ ಕಾಯಿಲ್ ಸಾಧು ಸ್ವಭಾವದ್ದು. ಕಾದರೂ ತಣಿದರೂ ತಡೆ ಹೆಚ್ಚುಕಡಿಮೆ 53 ಓಮ್. 230 ವೋಲ್ಟಿನಲ್ಲಿ 4.35 ಆಂಪಿಯರ್, ಗಂಟೆಗೊಂದು ಯೂನಿಟ್. ಆದರೆ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದ ಹೊತ್ತಿನಲ್ಲಿ ಟಿಸಿಯಿಂದ ಕೊನೇ ಮನೆಗೆ ಹೋಗಿಬರುವ ತಂತಿಯ ತಡೆ 1 ಓಮ್, ಅದರಲ್ಲಿ ಹರಿಯುವುದು 70 ಆಂಪಿಯರ್ ಎಂದಿಟ್ಟುಕೊಳ್ಳಿ. 70 ವೋಲ್ಟು ದಾರಿಯಲ್ಲೇ ಖರ್ಚು. ಮನೆ ಮುಟ್ಟುವುದು 160. ಕಾಯಿಲಿನ ಆಂಪಿಯರ್ 3ಕ್ಕೆ ಇಳಿಯಿತು, ವ್ಯಾಟು 484ಕ್ಕೆ. ವೋಲ್ಟು ಇಳಿದಾಗ ಆಂಪಿಯರೂ ಜೊತೆಗೇ ಇಳಿಯುವುದರಿಂದ ಗುಣಾಕಾರಕ್ಕೆ ಎರಡು ಕಡೆಯಿಂದ ಪೆಟ್ಟು. ಇದನ್ನು ಹಲಗೆಯ ಮೇಲೆ ಸಾಧಿಸಲು ಮೇಷ್ಟ್ರಿಗೆ ಒಂದು ಪಿರಿಯಡ್ ಬೇಕು. ಬಚ್ಚಲಿಗೆ ಇಣುಕಿದ ಅಜ್ಜಿಯ ವ್ಯಾಖ್ಯಾನ: "ಓಲ್ಟೇಜಿಲ್ಲ ಕಣ್ಲಾ, ಹಂಡೆ ಒಲೆಗೆ ತೆಂಗಿನ ಮಟ್ಟೆ ಇಕ್ಕು."

ಅಜ್ಜಿಯೂ ಓಮ್ ಮೇಷ್ಟ್ರೂ ಒಟ್ಟಿಗೆ ಸೋಲುವುದು ಮೋಟರ್ ಪ್ರಕರಣದಲ್ಲಿ. ವೋಲ್ಟೇಜ್ ಬಿದ್ದರೆ ಕರೆಂಟೂ ಕಡಿಮೆ ಎಳೆಯಬೇಕಲ್ಲವೇ? ಮೋಟರ್ ಒಪ್ಪುವುದಿಲ್ಲ. ಬೋರಿನ ನೀರು ಅಷ್ಟೇ ಆಳ, ಹೊರೆ ಅಷ್ಟೇ ಭಾರ. ಸುತ್ತುವ ವೇಗ ತುಸು ತಗ್ಗುತ್ತದೆ, ಒಳಗೇ ಹುಟ್ಟಿ ಕರೆಂಟಿಗೆ ಅಡ್ಡ ನಿಲ್ಲುವ ಎದುರು ವೋಲ್ಟೇಜೂ ತಗ್ಗುತ್ತದೆ; ಕೊರತೆ ತುಂಬಲು ಮೋಟರ್ ಇನ್ನಷ್ಟು ಆಂಪಿಯರ್ ಎಳೆಯುತ್ತದೆ. ಹಾಗೆಳೆದಾಗ ತಂತಿಯಲ್ಲಿ ಇನ್ನಷ್ಟು ವೋಲ್ಟು ಬೀಳುತ್ತದೆ, ಪಕ್ಕದ ತೋಟದ ಮೋಟರಿಗೂ ಅದೇ ಹಟ ಹಿಡಿಯುತ್ತದೆ. ಕಾವು ಆಂಪಿಯರಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ಕರೆಂಟು ಒಂದೂಕಾಲು ಪಟ್ಟಾದರೆ ವೈಂಡಿಂಗಿನ ಬಿಸಿ ಒಂದೂವರೆ ಪಟ್ಟಿಗೂ ಮಿಕ್ಕು. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಇರುವುದು ಇಂಥ ಹೊತ್ತಿಗೇ. ಅದು ಪದೇಪದೇ ಬೀಳುತ್ತದೆಂದು ಕಡ್ಡಿ ಸಿಕ್ಕಿಸಿ ನಿಲ್ಲಿಸುವ ಪಂಡಿತರೂ ಉಂಟು. ಅವರದು ಬೇರೆಯೇ ಪಂಥ.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ರಿವೈಂಡಿಂಗಿನ ತಾಮ್ರಕ್ಕೆ ಅಂಗಡಿಯವನು ಕಿಲೋ ಲೆಕ್ಕದಲ್ಲಿ ವಸೂಲಿ ಮಾಡುತ್ತಾನೆ.