ದಾಟಿದವರಿಗಿಂತ ಹಾರಿದವರೇ ಹೆಚ್ಚು: ಎತ್ತುಸೇತುವೆಯೊಂದಿಗೆ ಮುಖಾಮುಖಿ

ಡ್ವಾರ್ಫ್ ಫೋರ್ಟ್ರೆಸ್ ಎಂಬ ಕಂಪ್ಯೂಟರ್ ಆಟದಲ್ಲಿ ಏಳು ಜನ ಕುಳ್ಳರು ಒಂದು ಗಾಡಿ ಸಾಮಾನಿನೊಂದಿಗೆ ಗುಡ್ಡದ ಬುಡಕ್ಕೆ ಬಂದಿಳಿಯುತ್ತಾರೆ. ಅಲ್ಲಿಂದ ಮುಂದೆ ಅಗೆಯುವುದು, ಕಟ್ಟುವುದು, ಕುಡಿಯುವುದು, ಸಾಯುವುದು. ಅಮೆರಿಕದ ಟಾರ್ನ್ ಆಡಮ್ಸ್ ಮತ್ತು ಝಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2002ರಲ್ಲಿ ಕೈಹಚ್ಚಿ, 2006ರ ಆಗಸ್ಟ್‌ನಲ್ಲಿ ಜನರ ಮುಂದಿಟ್ಟ ಈ ಆಟವನ್ನು ಕಟ್ಟುವ ಕೆಲಸ ಇವತ್ತಿಗೂ ಮುಗಿದಿಲ್ಲ. ಸಾಮಾನ್ಯವಾಗಿ ಒಬ್ಬರೇ ಕೂತು ಆಡುವಂಥದ್ದು. ಆದರೆ ಸರದಿಯ ಪದ್ಧತಿಯೂ ಒಂದಿದೆ. ಒಬ್ಬ ಆಟಗಾರ ಕೋಟೆಯ ಒಂದು ವರ್ಷವನ್ನು ಆಡಿ, ಸೇವ್ ಫೈಲನ್ನು ಮುಂದಿನವರಿಗೆ ಒಪ್ಪಿಸುತ್ತಾನೆ. ಅವರು ಇನ್ನೊಂದು ವರ್ಷ. ಇದಕ್ಕೆ ಒಂದು ಪಣವನ್ನೂ ಕಟ್ಟಿಕೊಂಡರೆ ಮುಗಿಯಿತು: ಎಲ್ಲರೂ ಸೇರಿ ಕಂದಕದ ಮೇಲೆ ಒಂದು ಸೇತುವೆ ಕಟ್ಟಬೇಕು.

ಅಂಥ ಒಂದು ಸೇತುವೆಯನ್ನು ಕಂಡು ಮಾತನಾಡಿಸಿದೆವು. ನಾವು ಹೋದಾಗ ಅದು ಎದ್ದು ನಿಂತಿತ್ತು. ಯಾರು ಎತ್ತಿದರೆಂದು ಕೇಳಿದ್ದಕ್ಕೆ, ‘ಅದೇ ನಾನೂ ವಿಚಾರಿಸುತ್ತಿದ್ದೇನೆ’ ಎಂದಿತು.

ನಾವು: ತಮ್ಮ ಕಿರುಪರಿಚಯ?

ಸೇತುವೆ: ಎತ್ತುಸೇತುವೆ. ಉದ್ದ ಹತ್ತು ಚೌಕ, ಅಗಲ ಎರಡು. ಜಾತಿಯಲ್ಲಿ ಕಲ್ಲು. ಲಿವರ್ ಎಳೆದರೆ ಏಳುತ್ತೇನೆ, ಮತ್ತೆ ಎಳೆದರೆ ಮಲಗುತ್ತೇನೆ. ಎದ್ದಾಗ ಗೋಡೆ, ಮಲಗಿದಾಗ ದಾರಿ. ಟ್ರೋಲ್‌ಗಳು ಬಂದು ಬಾಗಿಲು ಒಡೆಯುತ್ತವೆ, ಎದ್ದು ನಿಂತ ನನ್ನನ್ನು ಏನೂ ಮಾಡಲಾರವು. ಇಷ್ಟು ಯೋಗ್ಯತೆ ಇದ್ದೂ ನನ್ನ ಬಾಳು ಹೀಗಾಯಿತು ನೋಡಿ.

ನಾವು: ಎರಡೇ ಚೌಕ ಅಗಲ ಏಕೆ?

ಸೇತುವೆ: ಮೊದಲ ವರ್ಷದ ಮೇಲ್ವಿಚಾರಕರ ಮಿತವ್ಯಯ. ನಮ್ಮಲ್ಲಿ ಸೇತುವೆಯ ಚೌಕಗಳನ್ನು ನಾಲ್ಕರಿಂದ ಭಾಗಿಸಿ, ಶೇಷ ಬಿಟ್ಟು, ಒಂದು ಕೂಡಿಸಿದರೆ ಬೇಕಾದ ಕಲ್ಲಿನ ಲೆಕ್ಕ. ಇಪ್ಪತ್ತು ಚೌಕಕ್ಕೆ ಆರು ಕಲ್ಲು. ಮೂರು ಅಗಲ ಮಾಡಿದ್ದರೆ ಎಂಟು. ಇಡೀ ಗುಡ್ಡವನ್ನೇ ಕೊರೆದು ಕೂತಿದ್ದೇವೆ, ಎಲ್ಲಿ ಕಾಲಿಟ್ಟರೂ ಕಲ್ಲು ಎಡವುತ್ತದೆ. ಆದರೂ ಪುಣ್ಯಾತ್ಮರು ಎರಡು ಕಲ್ಲು ಉಳಿಸಿದರು. ದಿನಚರಿಯಲ್ಲಿ ಅದನ್ನು ಸಾಧನೆ ಎಂದು ಬರೆದುಕೊಂಡರು.

ನಾವು: ಎರಡು ಕಲ್ಲು ತಾನೇ, ಅದರಿಂದ ಏನು ನಷ್ಟ?

ಸೇತುವೆ: ವ್ಯಾಪಾರಿಗಳ ಗಾಡಿ ಬರಬೇಕಾದರೆ ದಾರಿಯುದ್ದಕ್ಕೂ ಮೂರು ಚೌಕ ಅಗಲ ಇರಲೇಬೇಕು ಸ್ವಾಮಿ. ಶರತ್ಕಾಲದಲ್ಲಿ ತವರಿನ ಕುಳ್ಳರ ಗಾಡಿಗಳು ಕಬ್ಬಿಣ, ಹೆಂಡ, ಬಟ್ಟೆ ಹೇರಿಕೊಂಡು ಬಂದವು. ನನ್ನನ್ನು ನೋಡಿದವು. ದಾರಿ ಇಲ್ಲವೆಂದು ಕೋಟೆಯನ್ನು ಬಿಟ್ಟು ಹಾಗೇ ಮುಂದೆ ಹೋದವು. ಎಲ್ಫ್ ಜನ ಮಾತ್ರ ವಸಂತದಲ್ಲಿ ಬಂದರು. ಅವರದು ಗಾಡಿಯಲ್ಲ, ಹೇರುಪ್ರಾಣಿ. ಬಂದವರಿಗೆ ನಮ್ಮವರು ಮರದ ಸಾಮಾನು ತೋರಿಸಿದರು. ಮರ ಕಡಿದವರ ಜೊತೆ ವ್ಯಾಪಾರವೇ ಎಂದು ಅವರೂ ಮುನಿಸಿಕೊಂಡು ಹೋದರು. ಆ ವರ್ಷ ಕೋಟೆಗೆ ಆದಾಯ ಏನೂ ಇಲ್ಲ, ಉಳಿತಾಯ ಎರಡು ಕಲ್ಲು.

ನಾವು: ಎರಡನೇ ವರ್ಷ ಸರಿಪಡಿಸಿರಬೇಕಲ್ಲ?

ಸೇತುವೆ: ಒಮ್ಮೆ ಕಟ್ಟಿದ ಸೇತುವೆಯನ್ನು ಅಗಲಿಸಲು ಬರುವುದಿಲ್ಲ. ಕೆಡವಿ ಹೊಸದಾಗಿ ಕಟ್ಟಬೇಕು. ಎರಡನೆಯವರು ಸಹೃದಯರು. ‘ಹಿಂದಿನವರ ಕೆಲಸ ಕೆಡವುವುದು ಸರಿಯಲ್ಲ’ ಎಂದು ನನ್ನ ಪಕ್ಕದಲ್ಲೇ ಒಂದು ಚೌಕ ಅಗಲದ ಇನ್ನೊಂದು ಸೇತುವೆ ಕಟ್ಟಿದರು. ನನ್ನ ತಂಗಿ. ಇಬ್ಬರೂ ಮಲಗಿದರೆ ಮೂರು ಚೌಕ. ಅವಳಿಗೆ ಬೇರೆ ಲಿವರ್ ಕೊಟ್ಟರು. ಅವತ್ತಿನಿಂದ ನಾನು ಎದ್ದಾಗ ಅವಳು ಮಲಗಿರುತ್ತಾಳೆ, ಅವಳು ಎದ್ದಾಗ ನಾನು. ಗಾಡಿಗಳು ಈಗಲೂ ಪಕ್ಕದಿಂದಲೇ ಹೋಗುತ್ತವೆ.

ನಾವು: ಇಬ್ಬರನ್ನೂ ಒಂದೇ ಲಿವರ್‌ಗೆ ಜೋಡಿಸಬಹುದಿತ್ತಲ್ಲ?

ಸೇತುವೆ: ಧಾರಾಳವಾಗಿ. ಒಂದು ಜೋಡಣೆಗೆ ಎರಡು ಯಂತ್ರಭಾಗ ಸಾಕು, ಒಂದು ಲಿವರ್‌ಗೆ, ಒಂದು ಸೇತುವೆಗೆ. ಅವನ್ನೂ ಕಲ್ಲಿನಲ್ಲೇ ಕೆತ್ತುತ್ತಾರೆ. ಆದರೆ ನನ್ನ ಲಿವರ್ ಯಾವುದೆಂದು ಎರಡನೆಯವರಿಗೆ ಗೊತ್ತಿರಬೇಕಲ್ಲ! ಮೊದಲನೆಯವರು ಹೇಳಿಹೋಗಿರಲಿಲ್ಲ. ಇವರೂ ಕೇಳಲಿಲ್ಲ. ಕೇಳಿದರೆ ಆಟ ಬರುವುದಿಲ್ಲ ಅಂದುಕೊಂಡಾರು ಎಂಬ ಸಂಕೋಚ.

ನಾವು: ನಮ್ಮ ಕಡೆಯೂ ಸೇತುವೆಗೆ ಒಬ್ಬರ ಕಾಲದಲ್ಲಿ ಶಂಕುಸ್ಥಾಪನೆ, ಇನ್ನೊಬ್ಬರ ಕಾಲದಲ್ಲಿ ಮರು ಅಂದಾಜು, ಮತ್ತೊಬ್ಬರ ಕಾಲದಲ್ಲಿ ಉದ್ಘಾಟನೆ.

ಸೇತುವೆ: ನಿಮ್ಮಲ್ಲಿ ಕಲ್ಲಿನ ಮೇಲೆ ಯಾರದ್ದಾದರೂ ಹೆಸರು ಕೆತ್ತಿರುತ್ತಾರೆ, ಬೈಯುವುದಕ್ಕೆ ಅನುಕೂಲ. ನಮ್ಮ ಲಿವರ್ ಕೋಣೆಗೂ ಒಬ್ಬ ಕೆತ್ತನೆಗಾರನನ್ನು ಕಳಿಸಿದ್ದರು. ಗೋಡೆಯನ್ನು ನುಣುಪು ಮಾಡಿ ಅದ್ಭುತವಾದ ಚಿತ್ರ ಕೆತ್ತಿದ್ದಾನೆ. ಚೀಸ್‌ನ ಚಿತ್ರ. ಐದು ಲಿವರ್, ಸುತ್ತ ನಾಲ್ಕು ಗೋಡೆಗೂ ಚೀಸ್.

ನಾವು: ಐದಾದವೇ?

ಸೇತುವೆ: ಮೂರನೇ ವರ್ಷದವರು ಸಾಬೂನು ಪ್ರಿಯರು. ಈ ಆಟದಲ್ಲಿ ಸಾಬೂನಿನ ಗಟ್ಟಿಯಿಂದಲೂ ಗೋಡೆ ಕಟ್ಟಬಹುದೆಂದು ಅವರಿಗೆ ಯಾರೋ ಹೇಳಿಬಿಟ್ಟಿದ್ದರು. ಮರ ಸುಟ್ಟು ಬೂದಿ, ಬೂದಿಯಿಂದ ಕ್ಷಾರ, ಕ್ಷಾರಕ್ಕೆ ಕೊಬ್ಬು ಬೆರೆಸಿ ಸಾಬೂನು. ಇಡೀ ವರ್ಷ ಕೋಟೆಯಲ್ಲಿ ಬೇರೆ ಕೆಲಸ ಇಲ್ಲ. ಕೊನೆಗೆ ನನ್ನ ತುದಿಗೆ ಸಾಬೂನಿನ ಮಹಾದ್ವಾರ ಎದ್ದಿತು. ಆಸ್ಪತ್ರೆಯಲ್ಲಿ ಗಾಯ ತೊಳೆಯಲು ಒಂದು ಗಟ್ಟಿಯೂ ಉಳಿಯಲಿಲ್ಲ. ದ್ವಾರಕ್ಕೆ ಒಂದು ಲಿವರ್ ಇಟ್ಟರು, ಅದಕ್ಕೆ ಏನನ್ನೂ ಜೋಡಿಸಲಿಲ್ಲ. ಅಷ್ಟರಲ್ಲಿ ವರ್ಷ ಮುಗಿಯಿತು. ನಾಲ್ಕನೆಯವರು ಬಂದವರೇ ಭೂಮಿಯ ಹೊಟ್ಟೆಯಿಂದ ಲಾವಾ ಮೇಲೆತ್ತಲು ನಿಂತರು. ಕಂದಕಕ್ಕೆ ಲಾವಾ ಹರಿಸಿದರೆ ವೈರಿಗಳು ಸುಟ್ಟುಹೋಗುತ್ತಾರೆ ಎಂಬ ಯೋಜನೆ. ಅದಕ್ಕೆ ಎರಡು ಲಿವರ್. ಒಂದು ಬಿಡಲು, ಇನ್ನೊಂದು ನಿಲ್ಲಿಸಲು ಇರಬಹುದು, ಅಥವಾ ಹೆಚ್ಚು ಬಿಡಲು.

ನಾವು: ಇಷ್ಟೆಲ್ಲ ಭಾರಕ್ಕೆ ಕೆಳಗೆ ಕಂಬಗಳಿವೆಯೆ?

ಸೇತುವೆ: ಕಂಬ ಯಾಕೆ? ನಮ್ಮ ಲೋಕದಲ್ಲಿ ಭಾರದ ಲೆಕ್ಕಾಚಾರವೇ ಇಲ್ಲ. ಒಂದೇ ಒಂದು ಚೌಕ ನೆಲಕ್ಕೆ ಅಂಟಿಕೊಂಡಿದ್ದರೆ ಅದರ ಆಧಾರದ ಮೇಲೆ ಇಡೀ ಅರಮನೆ ಗಾಳಿಯಲ್ಲಿ ನಿಲ್ಲುತ್ತದೆ. ಆ ಚೌಕವನ್ನು ಯಾರಾದರೂ ಕಿತ್ತರೆ ಎಲ್ಲವೂ ಒಟ್ಟಿಗೆ ಕೆಳಗೆ. ಇದನ್ನು ನಿಮ್ಮೂರಿನ ಗುತ್ತಿಗೆದಾರರ ಕಿವಿಗೆ ಹಾಕಬೇಡಿ.

ನಾವು: ಇನ್ನು ಮುತ್ತಿಗೆಯ ದಿನದ ಬಗ್ಗೆ. ಐದನೇ ವರ್ಷ, ಅಲ್ಲವೆ?

ಸೇತುವೆ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಗಾಬ್ಲಿನ್ ಸೈನ್ಯ ಕಾಣಿಸಿತು. ಐದನೆಯವರು ಅಧಿಕಾರ ವಹಿಸಿಕೊಂಡು ಒಂದು ತಿಂಗಳೂ ಆಗಿರಲಿಲ್ಲ. ನಮ್ಮ ತಿಂಗಳಿಗೆ ಇಪ್ಪತ್ತೆಂಟೇ ದಿನ. ‘ಸೇತುವೆ ಎತ್ತಿ!’ ಎಂದು ಆಜ್ಞೆ ಹೊರಟಿತು. ಈ ಆಟದಲ್ಲಿ ಆಟಗಾರನೇ ಲಿವರ್ ಎಳೆಯುವಂತಿಲ್ಲ. ಎಳೆಯಿರಿ ಎಂದು ಕೆಲಸದ ಪಟ್ಟಿಗೆ ಬರೆಯಬೇಕು, ಪುರುಸೊತ್ತಿರುವ ಕುಳ್ಳ ಯಾರಾದರೂ ಬಂದು ಎಳೆಯಬೇಕು. ಒಬ್ಬ ಮಲಗಿದ್ದ, ಒಬ್ಬ ಕುಡಿಯುತ್ತಿದ್ದ. ಕುಡಿಯದಿದ್ದರೆ ನಮ್ಮವರಿಗೆ ಕೈಕಾಲು ಆಡುವುದಿಲ್ಲ, ಅದು ತಪ್ಪಲ್ಲ. ಮೂರನೆಯವನು ಹೊರಗೆ, ನನ್ನ ಮೇಲಿಂದಲೇ ಹೋಗಿ, ಹೋದ ವರ್ಷ ಸತ್ತ ಗಾಬ್ಲಿನ್ ಒಬ್ಬನ ಕಾಲುಚೀಲ ಹೆಕ್ಕುತ್ತಿದ್ದ. ಯುದ್ಧ ಎದುರಿಗಿದ್ದರೂ ಕಾಲುಚೀಲ ಕಂಡರೆ ಬಿಡುವ ಜಾತಿಯಲ್ಲ ನಮ್ಮದು.

ನಾವು: ಕೊನೆಗೆ ಯಾರು ಎಳೆದರು?

ಸೇತುವೆ: ನಾಲ್ಕನೆಯವನು. ಯಾವ ಲಿವರ್ ಎಂದು ಗೊತ್ತಿಲ್ಲದ ಕಾರಣ ಐದನ್ನೂ ಎಳೆಯಲು ಆಜ್ಞೆಯಾಗಿತ್ತು. ಎಳೆದ ಮೇಲೂ ನಾನು ಏಳಲು ನೂರು ಟಿಕ್ ಬೇಕು. ಕೋಟೆಯ ದಿನಕ್ಕೆ 1200 ಟಿಕ್, ಹಾಗಾಗಿ ನೂರು ಟಿಕ್ ಎಂದರೆ ನಿಮ್ಮ ಲೆಕ್ಕದಲ್ಲಿ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಗಾಬ್ಲಿನ್‌ಗಳು ನಿಧಾನವಾಗಿ, ಕ್ರಮವಾಗಿ ಒಳಗೆ ಬಂದರು. ಎಲ್ಲರೂ ಒಳಬಂದ ಮೇಲೆ ನಾನು ಎದ್ದೆ.

ನಾವು: ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಸೇತುವೆ: ನಿಮಗದು ಗಾದೆ, ನಮಗೆ ಕಾರ್ಯವಿಧಾನ. ಆಮೇಲೆ ಕಾಲುಚೀಲದವನ ಕಥೆ. ಗಾಬ್ಲಿನ್‌ಗಳ ಹಿಂದೆಯೇ ಓಡಿ ಬಂದವನು, ನಾನು ಏಳುವಾಗ ಸರಿಯಾಗಿ ನನ್ನ ಮೇಲಿದ್ದ. ಎತ್ತುಸೇತುವೆ ಎದ್ದರೆ ಮೇಲಿದ್ದವರು ಚಿಮ್ಮಿ ಹಾರುತ್ತಾರೆ. ಕಾಲುಚೀಲ ಹಿಡಿದುಕೊಂಡೇ ಕಂದಕಕ್ಕೆ ಹೋದ. ಅವನ ಹೆಸರು ಮೊದಲ ವರ್ಷದ ಮೇಲ್ವಿಚಾರಕರದು. ಸರದಿ ಆಡುವವರು ಒಬ್ಬೊಬ್ಬ ಕುಳ್ಳನಿಗೆ ತಮ್ಮ ಹೆಸರಿಟ್ಟು ಹೋಗುವ ರೂಢಿ ಇದೆ. ಎರಡು ಕಲ್ಲು ಉಳಿಸಿದ ಮಹಾನುಭಾವರು ಹೀಗೆ ತೀರಿಕೊಂಡರು. ಉಳಿದ ಲಿವರ್‌ಗಳ ಪೈಕಿ ಲಾವಾದ್ದು ಚೆನ್ನಾಗಿ ಕೆಲಸ ಮಾಡಿತು. ಕಂದಕ ತುಂಬಿತು. ಅದರಲ್ಲಿ ವೈರಿಗಳು ಮಾತ್ರ ಇರಲಿಲ್ಲ.

ನಾವು: ಹಾರಿಸಿದ್ದಷ್ಟೇ ಅಲ್ಲ, ಜಜ್ಜಿದ ಆರೋಪವೂ ತಮ್ಮ ಮೇಲಿದೆ.

ಸೇತುವೆ: ಎದ್ದವನು ಮಲಗುವಾಗ ಕೆಳಗೇನಿದ್ದರೂ ಹೇಳಹೆಸರಿಲ್ಲದಂತಾಗುತ್ತದೆ, ಮೂಳೆಯೂ ಸಿಗುವುದಿಲ್ಲ. ಭಾರೀ ಗಾತ್ರದ ಪ್ರಾಣಿ ಸಿಕ್ಕಿದರೆ ಮಾತ್ರ ನಾನೇ ಮುರಿಯುತ್ತೇನೆ. ಆಟಗಾರರು ಈ ಗುಣ ಕಂಡುಹಿಡಿದು ಕಸ ವಿಲೇವಾರಿಗೆ ಬಳಸಿಕೊಂಡರು. ಮುರಿದ ಕೊಡಲಿ, ಹರಿದ ಅಂಗಿ, ಬೇಡದ ಕಲ್ಲು. ಇನ್ನು ಕೋಟೆಯ ಗಣ್ಯರು. ಒಬ್ಬರಿಗೆ ಈ ತಿಂಗಳು ಮೂರು ಕಿರೀಟ ಆಗಬೇಕು, ಆಗದಿದ್ದರೆ ಕಮ್ಮಾರನಿಗೆ ಶಿಕ್ಷೆ. ಅಂಥವರನ್ನು ನನ್ನ ಕೆಳಗೆ ಯಾವುದೋ ಕೆಲಸದ ನೆಪದಲ್ಲಿ ನಿಲ್ಲಿಸುವ ಪದ್ಧತಿ ಬೆಳೆದಿದೆ. ದಾಖಲೆಯಲ್ಲಿ ಅದನ್ನು ದುರದೃಷ್ಟಕರ ಅಪಘಾತ ಎನ್ನುತ್ತಾರೆ. ನನಗೆ ಇದರಲ್ಲಿ ಸ್ವಂತ ಅಭಿಪ್ರಾಯ ಇಲ್ಲ, ನಾನು ನೌಕರ.

ನಾವು: ಇಷ್ಟೊಂದು ಅವ್ಯವಸ್ಥೆ ನಿಮ್ಮ ಕೋಟೆಯದೊಂದೇ ಕಥೆಯೆ?

ಸೇತುವೆ: ನಮ್ಮ ಮನೆತನದಲ್ಲಿ ದೊಡ್ಡ ಪರಂಪರೆ ಇದೆ. ಬೋಟ್‌ಮರ್ಡರ್ಡ್ ಎಂಬ ಕೋಟೆಯ ಹೆಸರು ಕೇಳಿರಬಹುದು. 2006-07ರ ಸರದಿ ಆಟ. ಆಗ ನಮ್ಮ ಲೋಕಕ್ಕೆ ಎತ್ತರ ಆಳವೇ ಇರಲಿಲ್ಲ, ಎಲ್ಲ ಒಂದೇ ಮಟ್ಟ; 2007ರ ಕೊನೆಯಲ್ಲಿ ಮಹಡಿಗಳು ಬಂದವು. ಗುಡ್ಡದೊಳಗೆ ಮೊದಲು ನದಿ, ಆಮೇಲೆ ಕಮರಿ, ಅದರಾಚೆ ಲಾವಾ ಹೊಳೆ, ಮುಂದೆ ಹೋಗಬೇಕಾದರೆ ಸೇತುವೆ ಬೇಕೇ ಬೇಕು. ಆ ಕೋಟೆಯ ಹೊರಗೆ ಆನೆಗಳದ್ದೇ ಕಾರುಬಾರು, ಆನೆ ನಡೆದದ್ದೇ ದಾರಿ. ಹೊರಗಿನ ಬಯಲಿಗೆಲ್ಲ ಲಾವಾ ಹರಿಸುವ ಲಿವರ್ ಒಂದನ್ನು ಮಾಡಿಕೊಂಡಿದ್ದರು. ಕೊನೆಗೆ ಬೆಂಕಿ, ಹುಚ್ಚು, ಸರ್ವನಾಶ. ಹದಿನೈದು ಇಪ್ಪತ್ತು ವರ್ಷ ಕಳೆದರೂ ಜನ ಅದನ್ನು ಓದುತ್ತಾರೆ. ಅಚ್ಚುಕಟ್ಟಾಗಿ ನಡೆದ ಒಂದು ಕೋಟೆಯ ಹೆಸರು ಹೇಳಿ ನೋಡೋಣ?

ನಾವು: ಹಾಗಾದರೆ ಗೊಂದಲವೇ ಒಳ್ಳೆಯದು ಎಂದಾಯಿತಲ್ಲ. ‘ಸೋಲುವುದೇ ಮಜಾ’ ಎನ್ನುವುದು ಈ ಆಟದ ಧ್ಯೇಯವಾಕ್ಯ.

ಸೇತುವೆ: ಅಲ್ಲೇ ನನ್ನ ಸಂಕಟ ಇರುವುದು. ಮೊದಲ ಮೂರು ವರ್ಷ ಬೆಳಗ್ಗೆ ಸಂಜೆ ಸರಿಯಾಗಿ ಎದ್ದು ಮಲಗಿದೆ. ನನ್ನ ಬಗ್ಗೆ ಒಂದು ಸಾಲು ಯಾರೂ ಬರೆಯಲಿಲ್ಲ. ಒಬ್ಬನನ್ನು ಹಾರಿಸಿದೆ ನೋಡಿ, ಪುಟಗಟ್ಟಲೆ ಬರೆದರು. ಸರದಿ ಆಡುವವರ ದಿನಚರಿಗಳನ್ನು ನೀವು ಓದಬೇಕು, ಬಹಳ ಚಂದ ಬರೆಯುತ್ತಾರೆ. ಪ್ರತಿಯೊಬ್ಬರ ಮೊದಲ ಅಧ್ಯಾಯ ಹಿಂದಿನವರ ಮೂರ್ಖತನದ ವರ್ಣನೆ, ಕೊನೆಯ ಅಧ್ಯಾಯ ಮುಂದಿನವರಿಗೆ ಶುಭಾಶಯ. ನಡುವೆ ಹಾಸ್ಯ, ಕರುಣ, ವೀರ, ಬೀಭತ್ಸ ಎಲ್ಲ ಇದೆ. ಎಡದಿಂದ ಎರಡನೇ ಲಿವರ್ ಯಾವುದರದ್ದು ಎಂಬ ಒಂದು ಮಾತು ಮಾತ್ರ ಇಲ್ಲ. ಜೊತೆಯಾಗಿ ಕಟ್ಟುತ್ತೇವೆ ಅನ್ನುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಒಂಟಿಯಾಗಿ ಕಟ್ಟುವುದಕ್ಕೆ ಜೊತೆ ಅಂತ ಹೆಸರಿಟ್ಟಿದ್ದಾರೆ, ಅಷ್ಟೆ. ಸೋಲುವುದು ಮಜವಾಗಿರಲಿ, ನನ್ನ ತಕರಾರಿಲ್ಲ. ಗಾಬ್ಲಿನ್ ಕೈಲಿ ಸೋಲಲಿ, ಡ್ರ್ಯಾಗನ್ ಬಂದು ಸುಡಲಿ. ಚೀಟಿ ಬರೆಯದೆ ಸೋತದ್ದನ್ನು ಪರಾಕ್ರಮ ಅನ್ನಬೇಡಿ.

ನಾವು: ಲಿವರ್‌ಗೆ ಹೆಸರಿಡಲು ಆಟದಲ್ಲಿ ಅವಕಾಶ ಇಲ್ಲವೋ ಏನೋ.

ಸೇತುವೆ: ಇದೆ ಸ್ವಾಮಿ, ಇದೆ! ಹೆಸರು ಟೈಪ್ ಮಾಡಿದರೆ ಆಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 2012ರಲ್ಲಿ ನಮ್ಮ ಆಟವನ್ನು ತನ್ನ ಸಂಗ್ರಹಕ್ಕೆ ಆರಿಸಿಕೊಂಡಿತು. ಅಲ್ಲಿ ಪ್ರತಿ ವಸ್ತುವಿನ ಪಕ್ಕದಲ್ಲೂ ಚೀಟಿ ಇರುತ್ತದಂತೆ. ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ನಾವು: ಗಾಬ್ಲಿನ್‌ಗಳು ಒಳಬಂದ ಮೇಲೂ ಕೋಟೆ ಉಳಿದಿದೆಯಲ್ಲ?

ಸೇತುವೆ: ಗಾಬ್ಲಿನ್‌ಗಳನ್ನು ಹೇಗೋ ಕೊಂದರು. ಈಗ ಬೇರೆ ಕಾಯಿಲೆ. ಜನ ಹೆಚ್ಚಾದರು, ಸಾಮಾನು ಹೆಚ್ಚಾಯಿತು. ಒಬ್ಬೊಬ್ಬ ಕುಳ್ಳ ಎಲ್ಲಿಗೆ ಹೇಗೆ ಹೋಗಬೇಕೆಂದು ಲೆಕ್ಕ ಹಾಕುವಷ್ಟರಲ್ಲಿ ಕಂಪ್ಯೂಟರ್‌ಗೆ ಏದುಸಿರು. ನಾನು ಎದ್ದಾಗಲೆಲ್ಲ ದಾರಿಗಳ ಲೆಕ್ಕ ಮತ್ತೆ ಮೊದಲಿಂದ. ದೊಡ್ಡ ಕೋಟೆಗಳು ಸಾಯುವುದು ಹೆಚ್ಚಾಗಿ ಹೀಗೆ, ಕತ್ತಿಯಿಂದಲ್ಲ. ಆರನೆಯವರು ಸೇವ್ ತೆರೆದು, ಕುಳ್ಳರು ತೆವಳುವುದನ್ನು ನೋಡಿ, ಪರೀಕ್ಷೆ ಹತ್ತಿರ ಬಂತು ಎಂದು ಹೇಳಿ ಹೋದರು.

ನಾವು: ಓದುಗರಿಗೆ ಏನಾದರೂ ಹೇಳುವುದಿದೆಯೆ?

ಸೇತುವೆ: ಏಳನೇ ಸರದಿ ಖಾಲಿ ಇದೆ. ಅಕ್ಷರ ಚಿಹ್ನೆಗಳಲ್ಲೇ ಮೂಡುವ ಹಳೆಯ ರೂಪ ಇಂದಿಗೂ ಪುಕ್ಕಟೆ. ಚಿತ್ರಗಳಿರುವ ರೂಪ 2022ರ ಡಿಸೆಂಬರ್ 6ರಿಂದ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ದುಡ್ಡಿಗೆ ಸಿಗುತ್ತದೆ. ನಿಮ್ಮಲ್ಲಿ ಯಾರಾದರೂ ಬರುವುದಾದರೆ, ಬಂದ ಕೂಡಲೇ ಆಟವನ್ನು ನಿಲ್ಲಿಸಿ ಇಟ್ಟುಕೊಳ್ಳಿ. ಮಹಾದ್ವಾರ, ಗೋಪುರ, ಲಾವಾ ಎಲ್ಲ ಆಮೇಲೆ. ಮೊದಲು ಲಿವರ್ ಕೋಣೆಗೆ ಹೋಗಿ ಐದಕ್ಕೂ ಹೆಸರು ಬರೆಯಿರಿ. ಯಾವುದು ಏನೆಂದು ತಿಳಿಯದಿದ್ದರೆ ‘ತಿಳಿಯದು, ಮುಟ್ಟಬೇಡಿ’ ಎಂದಾದರೂ ಬರೆದುಹೋಗಿ.