ತುಟಿ, ಕೂದಲು, ಬೆರಳು: ಒಬ್ಬ ಜರ್ಮನ್ ತರುಣ ಸರದಾರನ ಅಂಗವಾರು ಚರಿತ್ರೆ

ಮಧ್ಯಯುಗದ ಜರ್ಮನ್ ತರುಣ ಸರದಾರ ಕುದುರೆ, ಈಟಿ, ಸಾಲ ಮತ್ತು ವಿರಹ ಎಂಬ ನಾಲ್ಕು ದ್ರವ್ಯಗಳಿಂದಾದ ಜೀವಿ. ಮೊದಲ ಮೂರರ ಬಗ್ಗೆ ಇತಿಹಾಸಕಾರರು ಬೇಕಾದಷ್ಟು ಬರೆದಿದ್ದಾರೆ. ನಾಲ್ಕನೆಯದನ್ನು ಶಾಸ್ತ್ರೀಯವಾಗಿ ಪರಿಶೀಲಿಸಲು ಉಲ್ರಿಖ್ ಫಾನ್ ಲೀಖ್ಟೆನ್‌ಸ್ಟೈನ್‌ಗಿಂತ ಮೇಲಾದ ಮಾದರಿ ಸಿಗಲಾರದು. ಆತ ಹುಟ್ಟಿದ್ದು 1200ರ ಆಸುಪಾಸು, ಸ್ಟೈರಿಯಾದಲ್ಲಿ. ಇಂದು ಬಹುಪಾಲು ಆಸ್ಟ್ರಿಯಾಕ್ಕೆ ಸೇರಿರುವ ಈ ಗುಡ್ಡಗಾಡು ಸೀಮೆ ಆಗ ಪವಿತ್ರ ರೋಮನ್ ಸಾಮ್ರಾಜ್ಯದೊಳಗೆ ಒಬ್ಬ ಡ್ಯೂಕನ ಆಳ್ವಿಕೆಯಲ್ಲಿತ್ತು. ಸರದಾರರ ಮಾತೂ ಹಾಡೂ ಜರ್ಮನ್. ಅದೇ ಹೆಸರಿನ ಪುಟ್ಟ ರಾಷ್ಟ್ರವನ್ನಾಳುವ ರಾಜಮನೆತನಕ್ಕೂ ಈತನಿಗೂ ನಂಟಿಲ್ಲ. ಮುಂದಿನ ಪುಟಗಳನ್ನು ಓದಿದವರಿಗೆ ಇದು ಆ ಮನೆತನದ ಭಾಗ್ಯವೋ ದೌರ್ಭಾಗ್ಯವೋ ತಾನಾಗಿ ತಿಳಿಯುತ್ತದೆ.

ಕುಲದ ವಿಚಾರ ಸ್ವಲ್ಪ ತೊಡಕಿನದು. ಉಲ್ರಿಖ್‌ನ ಮನೆತನ ‘ಮಿನಿಸ್ಟೀರಿಯಾಲಿಸ್’ ಎಂಬ ವರ್ಗಕ್ಕೆ ಸೇರಿದ್ದು. ಕಾನೂನು ಹಿಡಿದು ನೋಡಿದರೆ ಇವರು ಸ್ವತಂತ್ರರಲ್ಲ, ಪ್ರಭುವಿಗೆ ಕಟ್ಟುಬಿದ್ದ ಊಳಿಗದವರು. ಕಣ್ಣಿಂದ ನೋಡಿದರೆ ಕೋಟೆ, ಜಮೀನು, ಆಳುಕಾಳು, ಕುದುರೆ ಲಾಯ ಎಲ್ಲವೂ ಇದ್ದ ಧಣಿಗಳು. ಹೀಗೆ ಒಬ್ಬ ಪ್ರಭುವಿನ ಊಳಿಗ ಈತನಿಗೆ ಹುಟ್ಟಿನಿಂದಲೇ ಬಂದಿತ್ತು. ಅದು ಸಾಲದೆಂದು ಒಬ್ಬ ಸ್ತ್ರೀಯ ಊಳಿಗವನ್ನೂ ಸ್ವಂತ ಖುಷಿಯಿಂದ ಮೈಮೇಲೆ ಎಳೆದುಕೊಂಡನೆಂಬುದು ಈ ಪ್ರಬಂಧದ ವಸ್ತು.

ಆಧಾರಗ್ರಂಥ ಒಂದೇ. ಉಲ್ರಿಖ್ 1255ರಲ್ಲಿ ಮುಗಿಸಿದ ‘ಫ್ರಾವೆನ್‌ಡೀನ್ಸ್ಟ್’, ಎಂದರೆ ‘ಸ್ತ್ರೀಸೇವೆ’. ಎಂಟೆಂಟು ಸಾಲಿನ 1800ಕ್ಕೂ ಹೆಚ್ಚು ಪದ್ಯಗಳು, ನಡುನಡುವೆ ಹಾಡುಗಳು, ಪತ್ರಗಳು. ‘ನಾನು’ ಎಂದು ಹೇಳಿಕೊಂಡು ಜರ್ಮನ್ ಭಾಷೆಯಲ್ಲಿ ಸ್ವಂತ ಬದುಕನ್ನು ಇಷ್ಟುದ್ದ ಹಾಡಿಕೊಂಡವರು ಅದಕ್ಕೆ ಮುಂಚೆ ಇರಲಿಲ್ಲ. ಇದು ಚರಿತ್ರೆಯೋ ಕಟ್ಟುಕತೆಯೋ ಎಂಬ ಬಗ್ಗೆ ಪಂಡಿತರಲ್ಲಿ ಜಗಳವಿದೆ. ವಾದಿ, ಗಾಯಾಳು, ಸಾಕ್ಷಿ ಮೂವರೂ ಒಬ್ಬನೇ ಆಗಿರುವ ಮೊಕದ್ದಮೆಯಲ್ಲಿ ಜಗಳ ಸಹಜ. ಪ್ರಸ್ತುತ ಪ್ರಬಂಧ ಗಾಯಾಳುವಿನ ಮಾತನ್ನು ಯಥಾವತ್ತಾಗಿ ನಂಬಿ, ಪ್ರೇಮದ ಪ್ರಗತಿಯನ್ನು ದೇಹದ ಯಾವ ಭಾಗ ಯಾವಾಗ ಖರ್ಚಾಯಿತು ಎಂಬ ಲೆಕ್ಕದ ಮೇಲೆ ಅಳೆಯುತ್ತದೆ. ಇದನ್ನು ಅಂಗವಾರು ಪದ್ಧತಿ ಎನ್ನಬಹುದು.

ಆ ಕಾಲದ ಕುಲೀನರ ಮಕ್ಕಳು ಏಳೆಂಟನೆಯ ವಯಸ್ಸಿಗೇ ಪರರ ಮನೆಯ ಊಳಿಗಕ್ಕೆ ಹೋಗುವುದು ವಾಡಿಕೆ. ಊಟ ಬಡಿಸುವುದು, ಕೈತೊಳೆಯಲು ನೀರು ಹನಿಸುವುದು, ಹಿರಿಯರೆದುರು ಬಾಯಿ ಮುಚ್ಚಿ ನಿಲ್ಲುವುದು ಇವೇ ಪಠ್ಯಕ್ರಮ. ಉಲ್ರಿಖ್ ಹನ್ನೆರಡನೆಯ ವಯಸ್ಸಿನಲ್ಲಿ ತನಗಿಂತ ಮೇಲಿನ ಮನೆತನದ ಒಬ್ಬ ಗೃಹಿಣಿಯ ಸೇವೆಗೆ ನಿಂತ. ಆಕೆಯ ಹೆಸರನ್ನು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಆತ ಬಚ್ಚಿಟ್ಟ ಕೆಲವೇ ಸಂಗತಿಗಳಲ್ಲಿ ಅದೊಂದು. ಊಟದ ಹೊತ್ತಿಗೆ ಆಕೆ ಕೈ ತೊಳೆದ ನೀರನ್ನು ಗುಟ್ಟಾಗಿ ಒಯ್ದು ಕುಡಿಯುತ್ತಿದ್ದೆನೆಂದು ಆತನೇ ಬರೆದಿದ್ದಾನೆ. ಇದನ್ನು ಪ್ರೇಮದ ಲಕ್ಷಣವೆಂದು ಸಾಹಿತ್ಯದವರೂ ಹೊಟ್ಟೆನೋವಿನ ಕಾರಣವೆಂದು ವೈದ್ಯದವರೂ ಹೇಳಬಹುದು. ಪಠ್ಯದಲ್ಲಿ ಹೊಟ್ಟೆನೋವಿನ ಉಲ್ಲೇಖ ಇಲ್ಲವಾದ್ದರಿಂದ ಮೊದಲ ಪಕ್ಷವೇ ಗೆಲ್ಲುತ್ತದೆ. ಮಗನನ್ನು ಅಲ್ಲಿಂದ ಬಿಡಿಸಿದ ತಂದೆ, ಇಸ್ಟ್ರಿಯಾದ ಮಾರ್ಗ್ರೇವ್ (ಗಡಿಸೀಮೆಯ ಪ್ರಭು) ಹೈನ್ರಿಖ್‌ನ ಬಳಿ ಬಿಟ್ಟ. ಅಲ್ಲಿ ಕುದುರೆ ಸವಾರಿಯ ಜೊತೆಗೆ ಸ್ತ್ರೀಯರಿಗೆ ಪದ್ಯ ಹೊಸೆಯುವ ವಿದ್ಯೆಯೂ ಹತ್ತಿತು. ತಂದೆ ಯಾವ ರೋಗಕ್ಕೆ ಮದ್ದು ಹುಡುಕುತ್ತಿದ್ದನೋ ಅದು ಅಲ್ಲಿ ಪಾಠವಾಗಿತ್ತು.

1222ರಲ್ಲಿ ವಿಯೆನ್ನಾದಲ್ಲಿ ಡ್ಯೂಕ್ ಆರನೆಯ ಲಿಯೋಪೋಲ್ಡ್‌ನ ಮಗಳ ಮದುವೆ ನಡೆಯಿತು. ಆ ಸಂಭ್ರಮದಲ್ಲಿ ಡ್ಯೂಕ್ 250 ತರುಣರಿಗೆ ಒಟ್ಟಿಗೆ ನೈಟ್ ಪದವಿ ಕೊಟ್ಟ, ಉಲ್ರಿಖ್ ಅವರಲ್ಲೊಬ್ಬ. ನಂತರದ ಬದುಕು ಪಂದ್ಯದಿಂದ ಪಂದ್ಯಕ್ಕೆ. ಚರ್ಚು 1130ರಿಂದಲೂ ಇಂಥ ಕಾಳಗದ ಪಂದ್ಯಗಳನ್ನು ನಿಷೇಧಿಸಿತ್ತು, ಅದರಲ್ಲಿ ಸತ್ತವರಿಗೆ ಕ್ರೈಸ್ತ ವಿಧಿಯ ಸಂಸ್ಕಾರವಿಲ್ಲವೆಂದೂ ಸಾರಿತ್ತು. ಸರದಾರರು ನಿಷೇಧವನ್ನು ಗೌರವದಿಂದ ಕೇಳಿಸಿಕೊಂಡು ಪಂದ್ಯಕ್ಕೆ ಹೊರಡುತ್ತಿದ್ದರು. ಸೋತವನು ಕುದುರೆ, ಕವಚಗಳನ್ನು ಕಳೆದುಕೊಂಡು, ಬಿಡಿಸಿಕೊಳ್ಳಲು ಲೇವಾದೇವಿಯವರ ಬಾಗಿಲು ತಟ್ಟಬೇಕಿತ್ತು. 1224ರಲ್ಲಿ ಫ್ರೀಸಾಖ್‌ನಲ್ಲಿ ಇಬ್ಬರು ಪ್ರಭುಗಳ ಜಗಳ ಬಿಡಿಸಲು ಸೇರಿದ ಸಭೆಯೇ ಪಂದ್ಯವಾಗಿ ಬದಲಾದದ್ದನ್ನು ಉಲ್ರಿಖ್ ಸವಿಸ್ತಾರವಾಗಿ ವರ್ಣಿಸಿದ್ದಾನೆ. ಸಂಧಾನಕ್ಕೆ ಬಂದವರು ಈಟಿ ತಂದಿದ್ದರು ಎಂಬುದೇ ಆ ಕಾಲದ ಸಂಧಾನದ ಬಗ್ಗೆ ಸಾಕಷ್ಟು ಹೇಳುತ್ತದೆ.

ಅಂಗಗಳ ಸರದಿ ತುಟಿಯಿಂದ ಶುರು. ಉಲ್ರಿಖ್ ತನ್ನ ಸಂಬಂಧಿಕಳೊಬ್ಬಳ ಮೂಲಕ, ಹುಡುಗನಾಗಿದ್ದಾಗ ಸೇವೆಗೆ ನಿಂತಿದ್ದ ಅದೇ ಒಡತಿಗೆ ಪ್ರೇಮದ ಅರ್ಜಿ ಕಳಿಸಿದ. ಆತನ ಬಾಯಿ ನೋಡಲು ಚೆನ್ನಾಗಿಲ್ಲವೆಂದು ಉತ್ತರ ಬಂತು. ತಕ್ಷಣ ಗ್ರಾತ್ಸ್ ಪಟ್ಟಣದ ಶಸ್ತ್ರವೈದ್ಯನ ಬಳಿಗೆ ಹೋಗಿ ತುಟಿಗೆ ಕತ್ತಿ ಹಾಕಿಸಿಕೊಂಡ. ವೈದ್ಯ ಕೈಕಾಲು ಕಟ್ಟುತ್ತೇನೆಂದರೆ ಈತ ಬೇಡವೆಂದು ಬೆಂಚಿನ ಮೇಲೆ ಸುಮ್ಮನೆ ಕೂತ. ಐದಾರು ವಾರ ಹಾಸಿಗೆ, ಹೊಟ್ಟೆಗೆ ಸರಿಯಾಗಿ ಏನೂ ಇಲ್ಲ, ತುಟಿಗೆ ನಾರುವ ಮುಲಾಮು. ಭಾರತೀಯ ಆಲಂಕಾರಿಕರು ವಿರಹಕ್ಕೆ ಹತ್ತು ಅವಸ್ಥೆಗಳನ್ನು ಎಣಿಸಿದ್ದಾರೆ. ಅಭಿಲಾಷೆಯಿಂದ ಮರಣದವರೆಗೆ ಎಲ್ಲವೂ ಇದೆ, ಶಸ್ತ್ರಚಿಕಿತ್ಸೆ ಇಲ್ಲ. ಈ ಕೊರತೆಯನ್ನು ಸ್ಟೈರಿಯಾ ತುಂಬಿಕೊಟ್ಟಿದೆ.

ರಿಪೇರಿಯಾದ ತುಟಿಯೊಂದಿಗೆ ಒಡತಿಯ ಭೇಟಿಗೆ ಹೋದಾಗ ಅದೇ ತುಟಿ ಬಿಚ್ಚಲಿಲ್ಲ. ಪಕ್ಕದಲ್ಲಿ ಕುದುರೆಯ ಮೇಲೆ ಸಾಗುತ್ತಿದ್ದವಳೊಂದಿಗೆ ಆಡಲು ಸಾಲುಸಾಲು ಮಾತು ಕೂಡಿಟ್ಟುಕೊಂಡಿದ್ದವನು ಮೂಕನಾದ. ಆಕೆ ಕುದುರೆಯಿಂದ ಇಳಿಯುವಾಗ ಆಸರೆಗೆ ನಿಂತವನ ಒಂದು ಜೊಂಪೆ ಕೂದಲನ್ನು ಕಿತ್ತು, ಇದು ನಿನ್ನ ಪುಕ್ಕಲುತನಕ್ಕೆ ಎಂದಳಂತೆ. ಎರಡನೆಯ ಅಂಗದ ಖರ್ಚು ಹೀಗೆ ಬಿತ್ತು. ಪತ್ರವ್ಯವಹಾರವೂ ಸುಗಮವಾಗಿರಲಿಲ್ಲ. ಒಮ್ಮೆ ಆಕೆಯಿಂದ ಪತ್ರ ಬಂದಾಗ ಅದನ್ನು ಓದಿಹೇಳಬೇಕಾದ ಬರಹಗಾರ ಊರಲ್ಲಿರಲಿಲ್ಲ, ಉಲ್ರಿಖ್‌ಗೆ ಓದು ಬಾರದು. ಹತ್ತು ದಿನ ಆ ಪತ್ರವನ್ನು ಹತ್ತಿರವೇ ಇಟ್ಟುಕೊಂಡು ಸುಖಪಟ್ಟ. ಹನ್ನೊಂದನೆಯ ದಿನಕ್ಕೆ ಅದರಲ್ಲಿರುವುದು ನಿರಾಕರಣೆ ಎಂದು ತಿಳಿಯಿತು. ನಿರಕ್ಷರತೆಯಿಂದ ಹತ್ತು ದಿನದ ಆನಂದ ಪಡೆದ ಬೇರೊಬ್ಬ ಕವಿ ಜರ್ಮನ್ ಸಾಹಿತ್ಯದಲ್ಲಿ ಸುಲಭಕ್ಕೆ ಸಿಗುವುದಿಲ್ಲ. (ಓದು ಬಾರದವನು ಕವಿಯಾಗುವುದು ಆಗ ಅಚ್ಚರಿಯಲ್ಲ. ‘ಪಾರ್ಸಿಫಾಲ್’ ಬರೆದ ವೊಲ್ಫ್ರಾಮ್ ಫಾನ್ ಎಶೆನ್‌ಬಾಖ್ ಕೂಡ ತನಗೆ ಅಕ್ಷರ ಬಾರದೆಂದು ಜಂಬದಿಂದಲೇ ಹೇಳಿಕೊಂಡಿದ್ದಾನೆ.)

ಬೆರಳಿನ ಪ್ರಕರಣ ಇಡೀ ಗ್ರಂಥದ ಶಿಖರ. ಬ್ರಿಕ್ಸೆನ್‌ನ ಪಂದ್ಯದಲ್ಲಿ ಈಟಿ ತಗುಲಿ ಬೆರಳೊಂದು ನೇತಾಡತೊಡಗಿತು. ಆಕೆಯ ಸೇವೆಯಲ್ಲಿ ಬೆರಳು ಹೋಯಿತೆಂದು ಒಡತಿಗೆ ಸುದ್ದಿ ಮುಟ್ಟಿತು. ದುರದೃಷ್ಟವಶಾತ್ ವೈದ್ಯ ನಿಪುಣನಾಗಿದ್ದ; ಬೆರಳು ಉಳಿಯಿತು. ಉಳಿದದ್ದು ತಿಳಿದ ಒಡತಿ ಸುಳ್ಳುಗಾರನೆಂದು ಹಂಗಿಸಿದಳು. ಉಲ್ರಿಖ್ ತನ್ನ ಮಾತನ್ನು ನಿಜ ಮಾಡಲು ಇದ್ದ ಒಂದೇ ದಾರಿ ಹಿಡಿದ: ಗೆಳೆಯನ ಕೈಯಿಂದ ಬೆರಳನ್ನು ಕತ್ತರಿಸಿಹಾಕಿಸಿದ. ಹಸಿರು ಮಖಮಲ್ಲಿನ ಹೊದಿಕೆಯ, ಚಿನ್ನದ ಕೊಂಡಿಯ ಒಂದು ಪುಟ್ಟ ಕಾವ್ಯಪುಸ್ತಕದ ಜೊತೆ ಅದನ್ನು ಕಳಿಸಿಕೊಟ್ಟ. ಗ್ರಂಥಕರ್ತ ತನ್ನ ಕೈಬರಹಕ್ಕೆ ಬದಲು ಕೈಬೆರಳನ್ನೇ ಲಗತ್ತಿಸಿದ ನಿದರ್ಶನವಾಗಿ ಪುಸ್ತಕಶಾಸ್ತ್ರಜ್ಞರು ಇದನ್ನು ಗಮನಿಸಬೇಕು. ಒಡತಿ ಬೆರಳನ್ನು ಇಟ್ಟುಕೊಂಡು ದಿನವೂ ನೋಡುತ್ತೇನೆಂದಳು. ಅದರಿಂದ ಆತನಿಗೇನೂ ಲಾಭವಿಲ್ಲವೆಂಬುದನ್ನೂ ಸೇರಿಸಿದಳು. ಇಲ್ಲಿಯವರೆಗಿನ ಲೆಕ್ಕದಲ್ಲಿ ತುಟಿ, ಕೂದಲು, ಬೆರಳು ಮೂರೂ ಖರ್ಚಿನ ಬಾಬ್ತು. ಜಮೆಯ ಕಡೆ ಏನೂ ಇಲ್ಲ.

ಅಂಗ ಸಾಲದಾದಾಗ ವೇಷ ಬೇಕಾಗುತ್ತದೆ. 1227ರ ವಸಂತದಲ್ಲಿ ಉಲ್ರಿಖ್ ವೀನಸ್ ದೇವಿಯ ವೇಷದಲ್ಲಿ ವೆನಿಸ್ ಬಳಿಯ ಮೆಸ್ತ್ರೆಯಿಂದ ಬೊಹೀಮಿಯಾದ ಗಡಿಯವರೆಗೆ ಕುದುರೆಯೇರಿ ಹೊರಟ. ಬಿಳಿ ನಿಲುವಂಗಿ, ಮುಖಕ್ಕೆ ಮುಸುಕು, ಮುತ್ತು ಪೋಣಿಸಿದ ಎರಡು ಉದ್ದ ಜಡೆ, ಹಿಂದೆಮುಂದೆ ಪರಿವಾರ. ದಾರಿಯ ಸರದಾರರಿಗೆಲ್ಲ ಮುಂಚೆಯೇ ಸಾರಿದ್ದ ಕರಾರು ಇದು: ದೇವಿಯ ಮೇಲೆ ಈಟಿ ಮುರಿದವನಿಗೆ ಒಂದು ಚಿನ್ನದ ಉಂಗುರ, ದೇವಿಯಿಂದ ನೆಲಕ್ಕೆ ಬಿದ್ದವನು ಲೋಕದ ನಾಲ್ಕು ದಿಕ್ಕಿಗೂ ಒಬ್ಬ ಸ್ತ್ರೀಯ ಗೌರವಾರ್ಥ ತಲೆಬಾಗಬೇಕು. ಒಂದು ತಿಂಗಳೊಳಗೆ ತಾನು 307 ಈಟಿ ಮುರಿದು 271 ಉಂಗುರ ಹಂಚಿದೆನೆಂದು ಲೆಕ್ಕ ಕೊಟ್ಟಿದ್ದಾನೆ. ಎದುರಾಳಿಗಳೂ ಸುಮ್ಮನಿರಲಿಲ್ಲ: ಒಬ್ಬ ಹೆಂಗಸಿನ ಜಡೆ ಇಳಿಬಿಟ್ಟುಕೊಂಡು ಬಂದ, ಇನ್ನೊಬ್ಬ ಸನ್ಯಾಸಿಯ ವೇಷದಲ್ಲಿ ಬಂದ. ಗಂಡು ದೇವಿಯೊಂದಿಗೆ ಗಂಡು ಹೆಂಗಸು ಈಟಿ ಹಿಡಿದು ಕಾದಾಡುವುದನ್ನು ಊರವರು ನಿಂತು ನೋಡಿದರು. ದಕ್ಷಿಣ ಕನ್ನಡದ ಬಯಲಾಟ ನೋಡಿ ಪಳಗಿದ ಕಣ್ಣಿಗೆ ಸ್ತ್ರೀವೇಷದ ಗಂಡಸು ಹೊಸದಲ್ಲ. ಆದರೆ ಅಲ್ಲಿ ಬೆಳಗಾಗುವ ಹೊತ್ತಿಗೆ ವೇಷ ಕಳಚುತ್ತದೆ, ಇಲ್ಲಿ ತಿಂಗಳು ಹಿಡಿಯಿತು.

ಈ ಯಾತ್ರೆಯ ನಡುವೆ ದೇವಿ ರಜೆ ಹಾಕಿ ಗುಟ್ಟಾಗಿ ಹೆಂಡತಿಯ ಬಳಿಗೆ ಹೋಗಿ ಕೆಲವು ದಿನ ಸುಖವಾಗಿದ್ದು ಬಂದಳು. ಹೌದು, ಉಲ್ರಿಖ್‌ಗೆ ಹೆಂಡತಿ ಇದ್ದಳು. ಹೆಸರು ಪೆರ್ಖ್ಟಾ. ಆಕೆ ತನಗೆ ಬಲು ಪ್ರಿಯಳೆಂದೂ, ತನ್ನ ಒಡತಿ ಮಾತ್ರ ಬೇರೊಬ್ಬಳೆಂದೂ ಆತ ಯಾವ ಮುಜುಗರವೂ ಇಲ್ಲದೆ ಬರೆಯುತ್ತಾನೆ. ಮಿನ್ನೆ ಎಂಬ ಆಸ್ಥಾನ ಪ್ರೇಮದ ಶಾಸ್ತ್ರದಲ್ಲಿ ಇದು ವಿರೋಧಾಭಾಸವಲ್ಲ: ಮನೆ ನಡೆಸಲು ಹೆಂಡತಿ, ನರಳಲು ಒಡತಿ. ಕೈತೊಳೆದ ನೀರು, ಕತ್ತರಿಸಿದ ಬೆರಳು, 271 ಉಂಗುರ ಇವುಗಳ ಬಗ್ಗೆ ಪೆರ್ಖ್ಟಾಳ ಅಭಿಪ್ರಾಯವನ್ನು ಗಂಡ ಒಂದು ಪದ್ಯದಲ್ಲೂ ದಾಖಲಿಸಿಲ್ಲ. 1800 ಪದ್ಯಗಳಲ್ಲಿ ಜಾಗ ಸಾಲದೆ ಹೋಗಿರಬಹುದು.

ಯಾತ್ರೆಯ ಫಲವಾಗಿ ಒಡತಿ ಕೊನೆಗೊಮ್ಮೆ ಬರಹೇಳಿದಳು, ಆದರೆ ಕುಷ್ಠರೋಗಿಯ ವೇಷದಲ್ಲಿ. ಉಲ್ರಿಖ್ ಗಿಡಮೂಲಿಕೆಯಿಂದ ಮುಖ ಕೆಡಿಸಿಕೊಂಡು ಭಿಕ್ಷುಕರ ಸಾಲಿನಲ್ಲಿ ಕೂತ, ಅವರೊಂದಿಗೆ ಉಂಡ, ಮಳೆಯಲ್ಲಿ ಬಯಲಲ್ಲಿ ಮಲಗಿದ. ರಾತ್ರಿ ಕೋಟೆ ಗೋಡೆಯ ಕೆಳಗೆ ಅಡಗಿದ್ದಾಗ ಮೇಲಿಂದ ಮನೆಯ ಮೇಲ್ವಿಚಾರಕ ಮೂತ್ರ ಹೊಯ್ದದ್ದನ್ನೂ ಮರೆಮಾಚಿಲ್ಲ. ಆಮೇಲೆ ಹಾಸಿಗೆಯ ದುಪ್ಪಟಿಗಳನ್ನು ಗಂಟುಹಾಕಿ ಮೇಲೆಳೆದುಕೊಂಡರು. ಒಳಗೆ ಒಡತಿ ಒಬ್ಬಳೇ ಇರಲಿಲ್ಲ, ಸಖಿಯರ ದಂಡೇ ಇತ್ತು. ಒಂದು ಪರೀಕ್ಷೆ ಬಾಕಿ ಇದೆ, ದುಪ್ಪಟಿಯಲ್ಲಿ ಸ್ವಲ್ಪ ಕೆಳಗಿಳಿ, ಮತ್ತೆ ಎಳೆದುಕೊಳ್ಳುತ್ತೇನೆ ಎಂದು ಆಕೆ ಕೈ ಹಿಡಿದಳು. ಅರ್ಧಕ್ಕಿಳಿದಾಗ ಮುತ್ತು ಕೊಡುತ್ತೇನೆಂದಳು. ಮುತ್ತಿನ ಆಸೆಗೆ ಈತ ಹಿಡಿದ ಕೈ ಬಿಟ್ಟ, ನೆಲಕ್ಕೆ ಬಿದ್ದ. ಅಂಗವಾರು ಪಟ್ಟಿಗೆ ಸೊಂಟವನ್ನು ಸೇರಿಸಲು ಪಠ್ಯಾಧಾರ ಸಾಲದು.

ಇಷ್ಟಾದ ಮೇಲೂ ಸೇವೆ ಮುಂದುವರಿಯಿತು. ಕಡೆಗೆ ಆಕೆ ಏನೋ ಒಂದು ಅಕ್ಷಮ್ಯ ಕೃತ್ಯ ಎಸಗಿದಳಂತೆ. ಏನೆಂದು ಕವಿ ಹೇಳುವುದಿಲ್ಲ. ತುಟಿ, ಬೆರಳು, ದುಪ್ಪಟಿಗಳನ್ನು ಮೀರಿಸುವ ಆ ಕೃತ್ಯ ಏನಿರಬಹುದೆಂದು ಊಹಿಸುವ ಧೈರ್ಯ ಈ ಪ್ರಬಂಧಕ್ಕಿಲ್ಲ. ಉಲ್ರಿಖ್ ಬೈಗುಳದ ಹಾಡು ಕಟ್ಟಿ ಆಕೆಯನ್ನು ಬಿಟ್ಟು, ಸ್ವಲ್ಪ ಕಾಲದಲ್ಲೇ ಇನ್ನೊಬ್ಬ ಒಡತಿಯನ್ನು ಹಿಡಿದ. 1240ರಲ್ಲಿ ಆರ್ಥರ್ ರಾಜನ ವೇಷದಲ್ಲಿ ಮತ್ತೊಂದು ಯಾತ್ರೆ ಹೊರಟ. ಅಷ್ಟು ಹೊತ್ತಿಗೆ ವಯಸ್ಸು ನಲವತ್ತು. ತರುಣ ಸರದಾರನ ಚರಿತ್ರೆ ಅಲ್ಲಿಗೆ ಮುಗಿದಂತೆ.

ಉಳಿದದ್ದು ಪ್ರೌಢನ ಚರಿತ್ರೆ, ಹೆಚ್ಚು ಹೇಳುವಂತಿಲ್ಲ. 1248ರಲ್ಲಿ ತನ್ನದೇ ಕೋಟೆಯಲ್ಲಿ ತನ್ನವರಿಂದಲೇ ಸೆರೆಸಿಕ್ಕಿ ಸುಮಾರು ಒಂದು ವರ್ಷ ಕಳೆದ. ಸ್ಟೈರಿಯಾದ ದೊಡ್ಡ ಹುದ್ದೆಗಳನ್ನು ಏರಿದ, ಸೇನಾ ಮಾರ್ಷಲ್ ಆದ, ನಾಡಿನ ನ್ಯಾಯಾಧೀಶನಾದ. ಆತ ತೀರಿಹೋದ ಮೇಲೆ ಮೂಡಿದ, ಜರ್ಮನ್ ಪ್ರೇಮಗೀತೆಗಳ ಸಂಕಲನವಾದ ಮಾನೆಸ್ಸೆ ಹಸ್ತಪ್ರತಿಯ ಚಿತ್ರದಲ್ಲಿ ಶಿರಸ್ತ್ರಾಣದ ಮೇಲೆ ವೀನಸ್ಸನ್ನು ಹೊತ್ತು ಕುದುರೆ ಓಡಿಸುತ್ತಿದ್ದಾನೆ. ಚಿತ್ರಕಾರ ವೀನಸ್ಸನ್ನೂ ಉಲ್ರಿಖ್‌ನನ್ನೂ ಬೇರೆಬೇರೆಯಾಗಿ ಬರೆದದ್ದು ಸೌಜನ್ಯ. ಆತ 1275ರಲ್ಲಿ ತೀರಿಕೊಂಡ. ಸಾಕ್ಷಿಯಾಗಿಯೋ ಅಧಿಕಾರಿಯಾಗಿಯೋ ಆತನ ಹೆಸರಿರುವ ಹತ್ತಾರು ಶಾಸನಪತ್ರಗಳು ಉಳಿದಿವೆ. ಜಮೀನು, ಜಾಮೀನು, ದತ್ತಿ, ತಂಟೆ ತೀರ್ಮಾನ ಎಲ್ಲವೂ ಅವುಗಳಲ್ಲಿವೆ. ಆತ ಒಂದು ಪದ್ಯ ಬರೆದಿದ್ದನೆಂದು ಯಾವುದೂ ಹೇಳುವುದಿಲ್ಲ.